ಇಪ್ಪತ್ತೆರಡು ಹೆಜ್ಜೆಯ ಹಾಲೇಶಪ್ಪ

ಹಾಲೇಶಪ್ಪನವರು ಕೋರ್ಟಿನ ಹೊರಗೆ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಕಂಡಕ್ಟರನ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವರ ಹಾಗೆ "ಹೊನ್ನಕುಣಿ, ಒಂದು" ಎನ್ನುತ್ತಿದ್ದರು. ಹೋಟೆಲಿನಲ್ಲಿ ಇಡ್ಲಿ ಬೇಕಾದರೆ ಎರಡು ಬೆರಳು ತೋರಿಸುತ್ತಿದ್ದರು. ಅವರ ಹೆಂಡತಿ ಗೌರಮ್ಮ ಒಮ್ಮೆ ನನ್ನೆದುರಿಗೇ ಹೇಳಿದ್ದರು: "ಮದ್ವೆ ಆದ ಹೊಸದ್ರಲ್ಲಿ, ಮೂಗನಿಗೆ ಕೊಟ್ಬಿಟ್ರಲ್ಲಪ್ಪಾ ಅಂತ ಒಂದು ವಾರ ಅತ್ತಿದ್ದೆ ಮೇಡಂ." ಅಂಥ ಮನುಷ್ಯ ಬೆಳಿಗ್ಗೆ ಹನ್ನೊಂದಕ್ಕೆ ಬಿಳಿ ಸಮವಸ್ತ್ರದ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿಯ ದವಾಲಿ ತೊಟ್ಟು, ಅದರ ಹಿತ್ತಾಳೆ ಬಿಲ್ಲೆಯನ್ನು ಅಂಗೈಯಿಂದ ಒಮ್ಮೆ ಒರೆಸಿ, ಕೋರ್ಟಿನ ಮರದ ಜಗಲಿಗೆ ಬಂದು ಬಾಯಿ ತೆರೆದರೆ ಎದುರಿನ ಹುಣಸೆಮರದ ಗಿಣಿಗಳು ಗುಂಪಾಗಿ ಎದ್ದು ಹೋಗುತ್ತಿದ್ದವು.

ಅವರು ದಲಾಯತರು. ಅಂದರೆ ನ್ಯಾಯಾಧೀಶರ ಮುಂದೆ ಕೇಸು ಬಂದಾಗ ಹೊರಗೆ ನಿಂತು ಕಕ್ಷಿದಾರರ ಹೆಸರು ಕೂಗುವವರು. ಮೂರು ಸಲ ಕೂಗಬೇಕು. ಮೂರನೆಯ ಸಲಕ್ಕೂ ಯಾರೂ ಬರದಿದ್ದರೆ ಗೈರುಹಾಜರಿ ಬರೆದು ಕೇಸನ್ನು ವಜಾ ಮಾಡಬಹುದು. ನಾನು ಆಗಷ್ಟೇ ಕರಿ ಕೋಟು ತೊಟ್ಟ ವಕೀಲೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಮನೆ, ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಹಾಲೇಶಪ್ಪನವರದು ಅದೇ ಊರಿನ ಹಳೇ ಪೇಟೆ. ವಾರಕ್ಕೆ ಎರಡು ದಿನ ಹೊನ್ನಕುಣಿಯಲ್ಲಿ ಕೋರ್ಟ್ ನಡೆಯುತ್ತಿತ್ತು. ಆ ಎರಡೂ ದಿನ ನಾವು ಒಂದೇ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುತ್ತಿದ್ದೆವು.

ಹೊನ್ನಕುಣಿಯಲ್ಲಿ ಬಹಳ ಹಿಂದೆ ಚಿನ್ನದ ಗಣಿ ಇತ್ತು. ಈಗ ಉಳಿದಿರುವುದು ನೀರು ತುಂಬಿದ ಎರಡು ಬಾವಿ, ಬೂದುಬಣ್ಣದ ಒಂದು ಮಣ್ಣಿನ ಗುಡ್ಡ, ಕೂಲಿಯವರಿಗೆಂದು ಕಟ್ಟಿದ ಲೈನ್ ಮನೆಗಳು ಮತ್ತು ಈ ಕೋರ್ಟು. ಕೋರ್ಟು ಪೂರ್ತಿ ಮರದ್ದು. ನೆಲ, ಗೋಡೆ, ಮೆಟ್ಟಿಲು, ಕಟಕಟೆ, ಎಲ್ಲವೂ. ಗಣಿಯಲ್ಲಿ ಮದ್ದು ಸಿಡಿಸಿದಾಗ ಕಲ್ಲಿನ ಗೋಡೆ ಬಿರುಕು ಬಿಡುತ್ತಿತ್ತಂತೆ, ಅದಕ್ಕೇ ಕಂಪನಿಯ ದೊರೆಗಳು ಮರದಲ್ಲಿ ಕಟ್ಟಿಸಿದರಂತೆ. ನಿಜವೋ ಸುಳ್ಳೋ ಗೊತ್ತಿಲ್ಲ. ಹೊನ್ನಕುಣಿಯ ಜನ ಚಿನ್ನದ ವಿಷಯ ಬಂದರೆ ಸ್ವಲ್ಪ ಹೆಚ್ಚೇ ಹೇಳುತ್ತಾರೆ.

ಮರದ ಕಟ್ಟಡದಲ್ಲಿ ಯಾರೂ ಸದ್ದಿಲ್ಲದೆ ನಡೆಯಲಾಗದು. ಹಾಲೇಶಪ್ಪನವರು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರೂ, ಹಲಗೆಯ ಸದ್ದಿನ ಮೇಲೆ, ಬಂದವರು ವಕೀಲರೋ ಪೊಲೀಸರೋ ಮೊದಲ ಸಲ ಕೋರ್ಟಿಗೆ ಬಂದ ಬಡಪಾಯಿಯೋ ಹೇಳಿಬಿಡುತ್ತಿದ್ದರು. "ಹೊಸಬರು ಹಲಗೆಗೆ ನೋವಾಗುತ್ತೇನೋ ಅಂತ ನಡೀತಾರೆ ಮೇಡಂ. ವಕೀಲ್ರು ಹಲಗೆ ತಮ್ಮ ಮಾವಂದು ಅಂತ ನಡೀತಾರೆ." ನಾನು ಹೇಗೆ ನಡೆಯುತ್ತೇನೆಂದು ಕೇಳಿದ್ದಕ್ಕೆ ಬಾಯಲ್ಲಿದ್ದ ಜ್ಯೇಷ್ಠಮಧುವಿನ ಚೂರನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ, "ಇನ್ನೂ ಸ್ವಲ್ಪ ದಿನ ಹೋಗ್ಲಿ" ಎಂದಿದ್ದರು.

ಕೂಗುವುದರಲ್ಲಿ ಅವರದೇ ಒಂದು ಕ್ರಮವಿತ್ತು. ಮೊದಲೆರಡು ಕೂಗು ಬಾಗಿಲ ಬಳಿ. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಜಗಲಿಯ ಉದ್ದಕ್ಕೂ ಇಪ್ಪತ್ತೆರಡು ಹೆಜ್ಜೆ ನಿಧಾನವಾಗಿ ನಡೆದು, ಆ ತುದಿಯಲ್ಲಿ ನಿಂತು ರಸ್ತೆ ಕಡೆಗೆ ಮೂರನೆಯದು. ಇದು ಯಾವ ಕಾನೂನಿನಲ್ಲೂ ಇಲ್ಲ. ಒಂದೇ ಉಸಿರಲ್ಲಿ ಮೂರು ಸಲ ಕೂಗಿ ಒಳಗೆ ಹೋಗುವ ದಲಾಯತರನ್ನು ಬೇಕಾದಷ್ಟು ಕಂಡಿದ್ದೇನೆ. ಹಾಲೇಶಪ್ಪನವರ ಲೆಕ್ಕವೇ ಬೇರೆ. "ಮೊದಲನೇ ಕೂಗು ಫೈಲಿಗೆ, ಎರಡನೇದು ಕಿವಿಗೆ, ಮೂರನೇದು ಕಾಲಿಗೆ. ಕಿವಿಗೆ ಬಿದ್ದಿದ್ದು ಕಾಲಿಗೆ ಇಳಿಯೋಕೆ ಟೈಮ್ ಬೇಕಲ್ಲ ಮೇಡಂ? ಮುದುಕ್ರು ಇರ್ತಾರೆ, ಬಾಣಂತಿ ಇರ್ತಾಳೆ. ಹೆದರಿಕೆಗೇ ಕಾಲು ಬರದೇ ಇರೋರೂ ಇರ್ತಾರೆ."

ಆ ಇಪ್ಪತ್ತೆರಡು ಹೆಜ್ಜೆಯನ್ನು ಮುದುಕರಿಗಿಂತ, ಬಾಣಂತಿಯರಿಗಿಂತ ಚೆನ್ನಾಗಿ ಬಳಸಿಕೊಂಡವರು ವಕೀಲರಾದ ನಾವು. ಬೇಲಿಯಾಚೆ ಟೀ ಅಂಗಡಿ. ಎರಡನೇ ಕೂಗು ಕೇಳಿದ ಮೇಲೂ ಅರ್ಧ ಲೋಟ ಟೀ ಆರಾಮಾಗಿ ಮುಗಿಸಿ, ಬಾಯಿ ಒರೆಸಿ, ಮೂರನೆಯದಕ್ಕೆ ಮೆಟ್ಟಿಲ ಮೇಲೆ ಇರಬಹುದಿತ್ತು. ಇದು ಹೊನ್ನಕುಣಿಯಲ್ಲಿ ವಕಾಲತ್ತು ಮಾಡುವ ಎಲ್ಲರಿಗೂ ಅಭ್ಯಾಸವಾಗಿತ್ತು. ನಮ್ಮ ಸೀನಿಯರ್, "ಹಾಲೇಶಪ್ಪ ಕೂಗಿದ್ರೆ ಸಕ್ರೆಬೈಲಿನ ಆನೆಗಳೂ ಹಾಜರಾತಿ ಹಾಕೋಕೆ ಬರ್ತವೆ. ನೀನು ಟೀ ಕುಡ್ಕೊಂಡೇ ಹೋಗು" ಎನ್ನುತ್ತಿದ್ದರು. ಆ ಮಾತನ್ನು ನಾನು ಸ್ವಲ್ಪ ಅತಿಯಾಗಿಯೇ ಪಾಲಿಸಿದೆ.

ಇನ್ನೊಂದು ಪದ್ಧತಿ ಇತ್ತು. ಸತ್ತವರ ಹೆಸರನ್ನು ಅವರು ಮೂರು ಸಲ ಕೂಗುತ್ತಿರಲಿಲ್ಲ. ಸಿವಿಲ್ ಕೇಸುಗಳು ಮನುಷ್ಯರಿಗಿಂತ ಹೆಚ್ಚು ಬದುಕುತ್ತವೆ. ವಾದಿ ಸತ್ತಿರುತ್ತಾನೆ, ಪಟ್ಟಿಯಲ್ಲಿ ಹೆಸರು ಇರುತ್ತದೆ. ಅಂಥ ಹೆಸರು ಬಂದರೆ ಎರಡು ಸಲ ಕೂಗಿ, ಜಗಲಿಯ ಕಂಬವನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು. "ಮೂರು ಸಲ ಕರೆದ್ರೆ ಪಾಪ ಬರಬೇಕಾಗುತ್ತೆ. ಬಂದು ಏನು ಮಾಡ್ತಾರೆ? ಇನ್ನೊಂದು ವಾಯಿದೆ ತಗೊಂಡು ಹೋಗ್ಬೇಕು ಅಷ್ಟೆ." ನಾವೆಲ್ಲ ನಗುತ್ತಿದ್ದೆವು. ನ್ಯಾಯಾಧೀಶರಿಗೆ ಇದು ಗೊತ್ತಿತ್ತೋ ಇಲ್ಲವೋ, ಯಾರೂ ಆಕ್ಷೇಪಿಸಿರಲಿಲ್ಲ.

ಮುನಿಯಮ್ಮನ ಕೇಸು ನನ್ನ ಕೈಗೆ ಬಂದದ್ದು ಆ ದಿನಗಳಲ್ಲೇ. ಅವಳು ಲೈನ್ ಮನೆಯವಳು. ಗಂಡ ಆರ್ಮುಗಂನ ಅಜ್ಜ ಗಣಿಗೆ ಇಳಿದು ದುಡಿದವನು. ಲೈನ್ ಇರುವ ಜಾಗವನ್ನೆಲ್ಲ ತಾನು ಕೊಂಡಿದ್ದೇನೆಂದು ಒಬ್ಬ ಕಂಟ್ರಾಕ್ಟರ್ ಕಾಗದ ಹಿಡಿದು ಬಂದಾಗ ಆರ್ಮುಗಂ ದಾವೆ ಹೂಡಿ, ಮನೆ ಕೆಡವದಂತೆ ತಡೆಯಾಜ್ಞೆ ತಂದಿದ್ದ. ದಾವೆ ಮುಗಿಯುವ ಮೊದಲೇ ಅವನು ಮುಗಿದ. ಅವನ ಜಾಗದಲ್ಲಿ ಮುನಿಯಮ್ಮ ಕೋಂ ಆರ್ಮುಗಂ, ಅಂದರೆ ಆರ್ಮುಗಂನ ಹೆಂಡತಿ, ಎಂದು ಹೆಸರು ಸೇರಿತು. ಫೈಲಿನ ಮೇಲೆ ಮಾತ್ರ ಆರ್ಮುಗಂ ಎಂದೇ ಉಳಿಯಿತು.

ಮುನಿಯಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಾಲೇಶಪ್ಪನವರ ಕೂಗು ಕೂಡ ಮುಟ್ಟದ ಒಂದೇ ಒಂದು ಕಿವಿ ಅದು. ಅದಕ್ಕೆ ಅವರು ಹೆಗಲ ಮೇಲಿನ ಟವೆಲ್ ತೆಗೆದು ಬೀಸುತ್ತಿದ್ದರು. ಹುಣಸೆಮರದ ಬುಡದಲ್ಲಿ ಬಟ್ಟೆಯ ಚೀಲ ತಬ್ಬಿಕೊಂಡು ಕೂತಿರುತ್ತಿದ್ದ ಮುದುಕಿ, ಟವೆಲ್ ಕಂಡ ಕೂಡಲೆ ಎದ್ದು ಬರುತ್ತಿದ್ದಳು. ಪ್ರತಿ ವಾಯಿದೆಯಲ್ಲೂ ಅವಳದು ಒಂದೇ ಪ್ರಶ್ನೆ. ಕಿವುಡಿಯಲ್ಲವೇ, ಗಟ್ಟಿಯಾಗಿ ಕೇಳುತ್ತಿದ್ದಳು: "ಮೇಡಂ, ವೀಡು ಇರ್ತದಾ? ನಮ್ ಮನೆ ಇರ್ತದಾ?" ನಾನು ತಲೆ ಆಡಿಸುತ್ತಿದ್ದೆ. ಇರುತ್ತದೆ ಎಂದು.

ಆ ದಿನ ಸೀನಿಯರ್‌ಗೆ ಶಿವಮೊಗ್ಗದಲ್ಲಿ ಬೇರೆ ಕೇಸು. ಹೊನ್ನಕುಣಿಗೆ ನಾನೊಬ್ಬಳೇ. ಕೇಸು ಊಟದ ಹೊತ್ತಿನವರೆಗೆ ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿ, ಮುನಿಯಮ್ಮನ ಕೈಗೆ ಕಂದಾಯದ ರಸೀತಿಗಳನ್ನು ಕೊಟ್ಟು ಜೆರಾಕ್ಸ್ ಮಾಡಿಸಿಕೊಂಡು ಬರಲು ಬಸ್ ನಿಲ್ದಾಣಕ್ಕೆ ಕಳಿಸಿದೆ. ಆಮೇಲೆ ಟೀ ಅಂಗಡಿಗೆ ಹೋದೆ. ಲೋಟ ಕೈಗೆ ಬರುವ ಹೊತ್ತಿಗೆ ಮೊದಲ ಕೂಗು ಕೇಳಿಸಿತು.

"ಮುನಿಯಮ್ಮಾ ಕೋಂ ಆರ್ಮುಗಂ..."

ಎರಡನೆಯದೂ ಬಂತು. ಟೀ ಬಿಸಿ ಇತ್ತು. ಇಪ್ಪತ್ತೆರಡು ಹೆಜ್ಜೆ ಇದೆಯಲ್ಲ ಎಂದುಕೊಂಡು ಊದುತ್ತ ನಿಂತೆ.

ಜಗಲಿಯ ತುದಿಯ ಹಲಗೆಗಳನ್ನು ಗೆದ್ದಲು ತಿಂದಿತ್ತು. ಹಿಂದಿನ ವಾರ ಯಾರದೋ ಕಾಲು ಒಳಗೆ ಹೋಗಿದ್ದರಿಂದ, ಆ ಬೆಳಿಗ್ಗೆ ಅಲ್ಲಿಗೆ ಹಗ್ಗ ಕಟ್ಟಿ ಕೆಂಪು ಬಟ್ಟೆ ಇಳಿಬಿಟ್ಟಿದ್ದರು. ಒಳಗೆ ಹೋಗುವಾಗ ನಾನೇ ಅದನ್ನು ನೋಡಿದ್ದೆ. ಹಾಲೇಶಪ್ಪನವರು ಹನ್ನೆರಡು ಹೆಜ್ಜೆಗೆ ಹಗ್ಗದ ಬಳಿ ನಿಂತರು. ನಿಂತು ಮೂರನೆಯ ಸಲ ಕೂಗಿದರು. ನನಗೆ ಕೇಳಿಸಿತು. ಕೇಳಿಸಿದ್ದಷ್ಟೇ ಅಲ್ಲ, ಬೇಲಿಯ ಮೇಲಿನಿಂದ ನಾವು ಒಬ್ಬರನ್ನೊಬ್ಬರು ನೋಡಿದೆವು. ನಾನು ಒಂದು ಬೆರಳೆತ್ತಿ "ಒಂದು ನಿಮಿಷ" ಎಂದು ಸನ್ನೆ ಮಾಡಿದೆ. ಅವರು ಕೊನೆಯ ಅಕ್ಷರವನ್ನು ಉಸಿರಿದ್ದಷ್ಟು ಹೊತ್ತು ಎಳೆದರು. ಉಸಿರು ಮುಗಿಯಿತು, ಒಳಗೆ ಹೋದರು.

ನಾನು ಮೆಟ್ಟಿಲು ಹತ್ತುವಾಗ ಒಳಗೆ ಮುಂದಿನ ಕೇಸು ನಡೆಯುತ್ತಿತ್ತು. ಮುನಿಯಮ್ಮನ ದಾವೆ ಗೈರುಹಾಜರಿಯ ಮೇಲೆ ವಜಾ ಆಗಿತ್ತು. ದಾವೆ ಹೋದರೆ ತಡೆಯಾಜ್ಞೆಯೂ ಹೋದ ಹಾಗೆ. ಎರಡೇ ದಿನದಲ್ಲಿ ಲೈನ್ ಮನೆಗಳ ಮುಂದೆ ಜೆಸಿಬಿ ಬಂದು ನಿಂತಿತು. ಮುನಿಯಮ್ಮ ಹೊಸ್ತಿಲ ಮೇಲೆ ಕೂತಳಂತೆ. ಮೊದಲು ಕೊನೆಯ ಖಾಲಿ ಮನೆಗಳನ್ನು ಕೆಡವುತ್ತೇವೆ, ಆಮೇಲೆ ಇವಳದು ಎಂದು ಜೆಸಿಬಿಯವರು ಹೇಳಿದ್ದು ಅವಳಿಗೆ ಕೇಳಿಸಿಯೂ ಇರಲಿಲ್ಲ.

ಸೀನಿಯರ್ ನನ್ನನ್ನು ಕೂರಿಸಿಕೊಂಡು ಒಂದೇ ಮಾತು ಕೇಳಿದರು: "ಕೂಗಿದ್ದು ಕೇಳಿಸ್ತಾ ನಿನಗೆ?"

"ಇಲ್ಲ ಸರ್" ಎಂದೆ.

ಹೆದರಿದ್ದೆ. ಅಪ್ಪ ಓವರ್‌ಟೈಮ್ ಮಾಡಿ ಓದಿಸಿದ್ದು, ಕರಿ ಕೋಟು, ಬಾರ್ ಕೌನ್ಸಿಲಿನಲ್ಲಿ ಹೆಸರು, ಎಲ್ಲ ಒಂದು ಲೋಟ ಟೀಯಲ್ಲಿ ಮುಳುಗುತ್ತದೆ ಎನಿಸಿತು. ಸೀನಿಯರ್ ಆ "ಇಲ್ಲ"ವನ್ನು ಹಿಡಿದು ಅಫಿಡವಿಟ್ ಬರೆಸಿದರು. ವಾದಿಯ ಹೆಸರನ್ನು ನಿಯಮದಂತೆ ಮೂರು ಬಾರಿ ಕೂಗಿರುವುದಿಲ್ಲ, ಆದ್ದರಿಂದ ದಾವೆಯನ್ನು ಮತ್ತೆ ಫೈಲಿಗೆ ತೆಗೆದುಕೊಳ್ಳಬೇಕು. ಪ್ರಮಾಣ ಮಾಡಿ ಸಹಿ ಹಾಕಿದವಳು ನಾನು. ಹೆಸರು ಕೂಗುವುದನ್ನೇ ದೇವರ ಕೆಲಸದಂತೆ ಮಾಡುತ್ತಿದ್ದ ಮನುಷ್ಯನ ಮೇಲೆ, ಕೂಗಲಿಲ್ಲ ಎಂದು ಬರೆದ ಕಾಗದಕ್ಕೆ.

ಅರ್ಜಿ ವಿಚಾರಣೆಗೆ ಬಂದ ದಿನ ಕಂಟ್ರಾಕ್ಟರ್‌ನ ವಕೀಲರು ಎದ್ದು ನಿಂತು ನಕ್ಕರು. "ಸ್ವಾಮಿ, ಹಾಲೇಶಪ್ಪ ಕೂಗಿದ್ದು ಇಡೀ ಹೋಬಳಿಗೆ ಕೇಳಿಸಿದೆ. ಇವರಿಗೆ ಮಾತ್ರ ಕೇಳಿಸಿಲ್ಲ."

ನ್ಯಾಯಾಧೀಶರು ಬಾಗಿಲ ಕಡೆ ತಿರುಗಿದರು. "ಏನ್ರೀ ಹಾಲೇಶಪ್ಪ, ಮೂರು ಸಲ ಕೂಗಿದ್ರಾ ಇಲ್ವಾ?"

ಹಾಲೇಶಪ್ಪನವರು ಮುಂದೆ ಬಂದರು. ಹಲಗೆ ಕಿರುಗುಟ್ಟಿತು. ಮೊದಲು ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಿದ್ದೆ. ಹಲಗೆಯ ಸಂದಿಯಲ್ಲಿ ಗೆದ್ದಲಿನ ಮಣ್ಣು ಗೆರೆ ಕಟ್ಟಿತ್ತು. ಆಮೇಲೆ ಅವರು ಕಿಟಕಿಯ ಕಡೆ ತಿರುಗಿದರು. ಹುಣಸೆಮರದ ಬುಡದಲ್ಲಿ ಮುನಿಯಮ್ಮ, ಚೀಲ ತಬ್ಬಿಕೊಂಡು, ಟವೆಲ್ ಯಾವಾಗ ಬೀಸುತ್ತಾರೋ ಎಂದು ಜಗಲಿಯನ್ನೇ ನೋಡುತ್ತ ಕೂತಿದ್ದಳು.

ಅವರು ಪಿಸುಗುಟ್ಟಿದರು. ಯಾರಿಗೂ ಕೇಳಿಸಲಿಲ್ಲ.

"ಜೋರಾಗಿ ಹೇಳ್ರೀ. ಕೂಗೋಕೆ ಬರುತ್ತೆ, ಹೇಳೋಕೆ ಬರಲ್ವಾ?"

ಆಗ ಹಾಲೇಶಪ್ಪನವರು ತಮ್ಮ ಕೋರ್ಟಿನ ದನಿಯಲ್ಲಿ ಹೇಳಿದರು: "ಕೂಗಿಲ್ಲ ಸ್ವಾಮೀ. ಫೈಲ್ ಮೇಲೆ ಆರ್ಮುಗಂ ಅಂತಿತ್ತು. ಸತ್ತೋರ ಹೆಸ್ರನ್ನ ನಾನು ಮೂರು ಸಲ ಕೂಗಲ್ಲ. ಎರಡಕ್ಕೇ ನಿಲ್ಲಿಸಿದೆ. ತಪ್ಪಾಯ್ತು."

ಆ ದನಿ ಮರದ ಗೋಡೆಗಳಲ್ಲಿ ಓಡಾಡಿತು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಆ ಪದ್ಧತಿ ಊರಿಗೆಲ್ಲ ಗೊತ್ತಿದ್ದರಿಂದ ಸುಳ್ಳೆಂದು ಯಾರಿಗೂ ಅನಿಸಲಿಲ್ಲ. ನ್ಯಾಯಾಧೀಶರ ಮುಖ ಕೆಂಪಾಯಿತು. ಕೋರ್ಟಿನಲ್ಲಿ ಇಂಥ ಮೂಢನಂಬಿಕೆಯೇ ಎಂದು ಗದರಿದರು. ದಾವೆ ಮತ್ತೆ ಫೈಲಿಗೆ ಬಂತು, ತಡೆಯಾಜ್ಞೆಯೂ ಬಂತು. ಜೆಸಿಬಿ ಹಿಂದೆ ಹೋಯಿತು. ನಾನು ಎದ್ದು ನಿಂತು "ಸ್ವಾಮಿ, ಅವರು ಕೂಗಿದ್ದರು, ತಪ್ಪು ನನ್ನದು" ಎನ್ನಬಹುದಿತ್ತು. ದಾವೆ ಉಳಿಸಲು ಆ ಸುಳ್ಳು ಬೇಕಿತ್ತೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ವಕೀಲೆಯ ತಪ್ಪಿಗೆ ಕಕ್ಷಿದಾರಳನ್ನು ದಂಡಿಸಬಾರದು ಎಂದು ಬೇಡಿಕೊಂಡಿದ್ದರೂ ಆ ನ್ಯಾಯಾಧೀಶರು ಒಪ್ಪುತ್ತಿದ್ದರೇನೋ. ಬೇಡಿಕೊಳ್ಳಲಿಲ್ಲ.

ಆ ಸಂಜೆ ಬಸ್ಸಿನಲ್ಲಿ ಅವರು ಎಂದಿನಂತೆ ಕಿಟಕಿಯ ಬಳಿ ಕೂತಿದ್ದರು. ಶಿವಮೊಗ್ಗದ ತುಂಗಾ ಸೇತುವೆ ದಾಟಿದ ಮೇಲೆ ನಾನು, "ಹಾಲೇಶಪ್ನೋರೇ, ಆವತ್ತು..." ಎಂದೆ.

ಅವರು ನಾನು ಬೇಲಿಯಾಚೆ ಎತ್ತಿದ್ದ ಹಾಗೆಯೇ ಒಂದು ಬೆರಳೆತ್ತಿದರು. "ಆಯಮ್ಮನ ಮನೆ ನಿಂತಿದ್ಯಲ್ಲ ಮೇಡಂ. ಸಾಕು ಬಿಡಿ."

ನಾನು ಬಿಟ್ಟೆ. ಬಿಟ್ಟಾಗ ನನಗಾದದ್ದು ನಾಚಿಕೆಯಲ್ಲ, ನೆಮ್ಮದಿ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವರಿಗೆ ಮೆಮೊ ಕೊಟ್ಟರು, ವಿಚಾರಣೆ ನಡೆಸಿದರು. ಅಲ್ಲಿಯೂ ಅದೇ ಉತ್ತರ ಬರೆದುಕೊಟ್ಟರಂತೆ. ಕೂಗುವ ಕೆಲಸದಿಂದ ತೆಗೆದು ಮೆಟ್ಟಿಲ ಹಿಂದಿನ ರೆಕಾರ್ಡ್ ಕೋಣೆಗೆ ಹಾಕಿದರು. ದವಾಲಿ ಬೇರೆಯವರ ಹೆಗಲಿಗೆ ಹೋಯಿತು. ಹೊಸ ದಲಾಯತ ಬಾಗಿಲಲ್ಲೇ ನಿಂತು, ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವಂತೆ ಮೂರನ್ನೂ ಒಟ್ಟಿಗೆ ಕೂಗಿ ಒಳಗೆ ಹೋಗುತ್ತಿದ್ದ. ವಕೀಲರೆಲ್ಲ ಟೀ ಅಂಗಡಿ ಬಿಟ್ಟು ಒಳಗೇ ಕೂರುವುದನ್ನು ಕಲಿತರು. ಹಾಲೇಶಪ್ಪನವರನ್ನು ಕಂಡರೆ ಗುಮಾಸ್ತರು, "ಏನು ಮಾರಾಯ, ಇವತ್ತು ಎಷ್ಟು ದೆವ್ವಗಳಿಗೆ ವಾಯಿದೆ ಕೊಟ್ಟೆ?" ಎಂದು ರೇಗಿಸುತ್ತಿದ್ದರು. ಅವರು ಗೆದ್ದಲು ಹಿಡಿದ ಕಟ್ಟುಗಳನ್ನು ಬಿಸಿಲಿಗೆ ಹರಡುತ್ತ ನಗುತ್ತಿದ್ದರು. ಒಂದು ದಿನ ರೆಕಾರ್ಡ್ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಒಂದೊಂದು ಕಟ್ಟು ಬಿಚ್ಚುವಾಗಲೂ ಅದರ ಮೇಲಿನ ಹೆಸರನ್ನು ಪಿಸುಮಾತಿನಲ್ಲಿ ಓದುತ್ತಿದ್ದರು. ಎರಡೇ ಸಲ.

ಅಲ್ಲಿಂದಲೇ ನಿವೃತ್ತರಾದರು. ಅವರಿಲ್ಲದ ಮೇಲೆ ಕಟ್ಟಡವೂ ಬಹಳ ದಿನ ತಾಳಲಿಲ್ಲ. ಅಪಾಯವೆಂದು ಬೀಗ ಹಾಕಿ ಕೋರ್ಟನ್ನು ಶಿವಮೊಗ್ಗದ ಕಾಂಕ್ರೀಟ್ ಕಟ್ಟಡಕ್ಕೆ ಸೇರಿಸಿದರು. ಅಲ್ಲಿ ಯಾರೂ ಕೂಗಬೇಕಾಗಿಲ್ಲ. ಗೋಡೆಯ ಬೋರ್ಡಿನಲ್ಲಿ ಕೇಸಿನ ನಂಬರು ಕೆಂಪಗೆ ಬರುತ್ತದೆ, ಹೋಗುತ್ತದೆ. ಮುನಿಯಮ್ಮನ ಕೇಸು ಇನ್ನೂ ಇದೆ. ಮುದುಕಿಯೂ ಇದ್ದಾಳೆ, ಮನೆಯೂ ಇದೆ. ಬೋರ್ಡಿನ ಕೆಳಗೆ ಚೀಲ ತಬ್ಬಿಕೊಂಡು ಕೂತು ನನ್ನ ಮುಖ ನೋಡುತ್ತಾಳೆ. ನಾನು ಕೈ ಬೀಸಿದ ಮೇಲೆ ಎದ್ದು ಬರುತ್ತಾಳೆ.

ಹಾಲೇಶಪ್ಪನವರು ಹೋದದ್ದು ಹೋದ ವರ್ಷ. ಹೋಗುವುದಕ್ಕೆ ಸ್ವಲ್ಪ ದಿನ ಮುಂಚೆ ಗೌರಮ್ಮ ಫೋನ್ ಮಾಡಿದ್ದರು. "ಲಕ್ವ ಹೊಡೆದ ಮೇಲೆ ಇವರಿಗೆ ನೆನಪು ನಿಲ್ತಾ ಇಲ್ಲ ಮೇಡಂ. ಬೆಳಿಗ್ಗೆಯಿಂದ ಯಾವುದೋ ಕೇಸಿಂದೇ ಕೇಳ್ತಿರ್ತಾರೆ. ನಂಗೆ ಕೋರ್ಟಿನ ವಿಷ್ಯ ಏನು ಗೊತ್ತು? ಒಂದು ಸಲ ಬಂದು ಹೋಗಿ."

ಹಳೇ ಪೇಟೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಅವರು ದಿಂಬಿಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆಗೆ ವಾಲಿತ್ತು. ಗೌರಮ್ಮ ಪಕ್ಕದಲ್ಲಿ ಅವರ ಮರಗಟ್ಟಿದ ಕೈಯನ್ನು ಎಣ್ಣೆ ಹಚ್ಚಿ ನೀವುತ್ತಿದ್ದರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಗುರುತಾದ ಮೇಲೆ ಹತ್ತಿರ ಕರೆದು, ಅದೇ ಪಿಸುಮಾತಿನಲ್ಲಿ ಕೇಳಿದರು: "ಮೇಡಂ... ಆರ್ಮುಗಂ ಕೇಸಲ್ಲಿ... ಆವತ್ತು ನಾನು ಮೂರು ಸಲ ಕೂಗಿದ್ನಾ, ಇಲ್ವಾ?"

ಅಷ್ಟು ವರ್ಷ, ಅಷ್ಟು ಕಾಗದಗಳಲ್ಲಿ, ಅಷ್ಟು ಜನರ ನಗುವಿನ ನಡುವೆ ಕೂಗಿಲ್ಲ ಎಂದು ಹೇಳಿ ಹೇಳಿ, ಕೂಗಿದ್ದೇ ಅವರಿಗೆ ಮರೆತುಹೋಗಿತ್ತು. ಗೌರಮ್ಮ ಮೆಲ್ಲನೆ ಹೇಳಿದರು: "ಇದೊಂದೇ ಮೇಡಂ. ಹೆಸರು ಕೂಗದೇ ಒಂದು ಬಡವಿಗೆ ಅನ್ಯಾಯ ಮಾಡಿದೆ ಅಂತ ರಾತ್ರಿಯೆಲ್ಲ ಅಳ್ತಾರೆ."

"ಕೂಗಿದ್ರಿ ಹಾಲೇಶಪ್ನೋರೇ" ಎಂದೆ. "ಮೂರು ಸಲವೂ ಕೂಗಿದ್ರಿ. ನನಗೆ ಕೇಳಿಸ್ತು."

"ಮತ್ತೆ ನೀವ್ಯಾಕೆ ಬರ್ಲಿಲ್ಲ?"

ಅದರಲ್ಲಿ ಆರೋಪವೇನೂ ಇರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ, ಕೇಳಿದರು. ಗೌರಮ್ಮನ ಕೈ ನೀವುವುದನ್ನು ನಿಲ್ಲಿಸಿತ್ತು.

"ಟೀ ಕುಡೀತಿದ್ದೆ. ಬಿಸಿ ಇತ್ತು. ಇನ್ನೂ ಟೈಮ್ ಇದೆ ಅಂದ್ಕೊಂಡೆ. ಆಮೇಲೆ ಕೇಳಿಸಲಿಲ್ಲ ಅಂತ ಸುಳ್ಳು ಬರೆದುಕೊಟ್ಟೆ. ನಿಮ್ಮದು ಏನೂ ತಪ್ಪಿಲ್ಲ."

ಹಾಲೇಶಪ್ಪನವರ ವಾಲಿದ ಬಾಯಿ ಸ್ವಲ್ಪ ಅಗಲವಾಯಿತು. "ಹಂಗಾದ್ರೆ ಕೂಗಿದ್ದೆ" ಎಂದರು. ಎದೆಯ ಮೇಲೆ ಒಳ್ಳೆಯ ಕೈ ಆಡಿಸಿ, ಇಲ್ಲದ ಬಿಲ್ಲೆಯನ್ನು ಒರೆಸಿದರು. ಮನೆಗೆ ಬಂದವರ ಉಪಚಾರ ನೆನಪಾಗಿರಬೇಕು, ಹೆಂಡತಿಯ ಕಡೆ ತಿರುಗಿದರು. "ಗೌರಮ್ಮ, ಮೇಡಂಗೆ ಟೀ."

ಗೌರಮ್ಮ ಏಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಗೌರಮ್ಮಾ..."

ಆಗಲೂ ಏಳಲಿಲ್ಲ. ಎದ್ದು ಹೋಗಿಬಿಡಬೇಕು ಎನಿಸಿತು, ಕಾಲು ಬರಲಿಲ್ಲ. ಹಾಲೇಶಪ್ಪನವರು ಕಾದರು. ಅವರ ಒಳ್ಳೆಯ ಕಾಲಿನ ಬೆರಳುಗಳು ಚಾದರದ ಅಡಿಯಲ್ಲಿ ಒಂದೇ ಲಯದಲ್ಲಿ ಅಲುಗುತ್ತಿದ್ದವು. ಆ ಹೆಜ್ಜೆಗಳನ್ನು ನಾನೂ ಎಣಿಸುತ್ತಿದ್ದೆ. ಈ ಸಲ ಹಗ್ಗ ಕಟ್ಟಿರಲಿಲ್ಲ. ಇಪ್ಪತ್ತೆರಡೂ ಮುಗಿದ ಮೇಲೆ ಅವರು ಗದ್ದ ಎತ್ತಿ, ಆ ವಾಲಿದ ಬಾಯಲ್ಲೇ, ಓಣಿಯ ಜನ ಹೊರಗೆ ಬಂದು ನೋಡುವ ಹಾಗೆ ಕೂಗಿದರು:

"ಗೌರಮ್ಮಾ ಕೋಂ ಹಾಲೇಶಪ್ಪಾ..."

ಗೌರಮ್ಮ ಎದ್ದರು. ಒಳಗೆ ಗ್ಯಾಸ್ ಹೊತ್ತಿಸಿದ ಸದ್ದು, ಪಾತ್ರೆಯ ಸದ್ದು ಕೇಳಿಸಿತು. ಲೋಟ ತಂದು ನನ್ನ ಮುಂದೆ ಇಟ್ಟರು. ನಾನು ಕೂಡಲೇ ಎತ್ತಿಕೊಳ್ಳಲು ಹೋದೆ.

"ಬಿಸಿ ಇದೆ" ಎಂದರು ಗೌರಮ್ಮ. "ಆರಿಸ್ಕೊಂಡು ಕುಡೀರಿ ಮೇಡಂ. ಈಗೇನು, ಯಾರೂ ಕೂಗಲ್ಲ."